ಮಾವ ತೀರಿಕೊಂಡದ್ದು ಶನಿವಾರವೋ ಸೋಮವಾರವೋ? ಹುಳುವಿನ ಸಾಕ್ಷ್ಯಕ್ಕೆ ಎಷ್ಟು ಬೆಲೆ

ಓದುಗರ ಪ್ರಶ್ನೆ: ನಾನು ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ವಾಸವಾಗಿದ್ದೇನೆ. ನನ್ನ ಸೋದರಮಾವನಿಗೆ 72 ವರ್ಷ. ಮಾಟುಂಗಾದ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಆಯುಷ್ಯ ಕಳೆದು, ಆಮೇಲೆ ಡೊಂಬಿವಲಿ ಪೂರ್ವದ ಸಣ್ಣ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಸಕ್ಕರೆ ಕಾಯಿಲೆ ಇತ್ತು, ಎಡಗಾಲಿನಲ್ಲಿ ಮಾಯದ ಹುಣ್ಣಿತ್ತು. ಕಳೆದ ಜುಲೈನ ಒಂದು ಗುರುವಾರ ಸಂಜೆ ವಾಸನೆ ಬಂದು, ನೆರೆಯವರು ಪೊಲೀಸರನ್ನು ಕರೆಸಿ ಬಾಗಿಲು ಒಡೆಸಿದರು. ಅಡುಗೆಮನೆಯ ಕಿಟಕಿ ಅರ್ಧ ತೆರೆದಿತ್ತು, ಫ್ಯಾನ್ ತಿರುಗುತ್ತಿತ್ತು. ಬಾಗಿಲ ಹೊರಗೆ ಮಂಗಳವಾರದಿಂದ ಗುರುವಾರದವರೆಗಿನ ಪತ್ರಿಕೆಗಳಿದ್ದವು. ಸೋಮವಾರದ್ದು ಒಳಗೆ ಮೇಜಿನ ಮೇಲಿತ್ತು. ಶುಕ್ರವಾರ ಮಧ್ಯಾಹ್ನ ಶವಪರೀಕ್ಷೆ ನಡೆಯಿತು. ‘ಶವ ಊದಿಕೊಂಡಿದೆ, ಚರ್ಮ ಅಲ್ಲಲ್ಲಿ ಸುಲಿದಿದೆ, ಕಣ್ಣು, ಮೂಗು, ಬಾಯಿ ಹಾಗೂ ಕಾಲಿನ ಹುಣ್ಣಿನಲ್ಲಿ 1 ಸೆಂ.ಮೀ. ವರೆಗಿನ ಹುಳುಗಳಿವೆ, ಸಾವು ಸಂಭವಿಸಿ ಸುಮಾರು 3ರಿಂದ 5 ದಿನ’ ಎಂದು ವರದಿ ಹೇಳುತ್ತದೆ.

ಮಾವ ಶನಿವಾರ ಸಂಜೆ ಸೊಸೈಟಿಯ ಸಭೆಗೆ ಬಂದು ಸಹಿ ಹಾಕಿದ್ದಾರೆ. ಭಾನುವಾರ ರಾತ್ರಿ ಒಂಬತ್ತೂವರೆಗೆ ತನ್ನೊಂದಿಗೆ ಫೋನಿನಲ್ಲಿ ಮಾತನಾಡಿದರು ಎಂದು ಅವರ ಅಣ್ಣನ ಮಗ ಹೇಳುತ್ತಾನೆ. ಆದರೆ ಹಿಂದೆ ಔಷಧದ ಅಂಗಡಿ ಇಟ್ಟಿದ್ದ ಬಂಧುವೊಬ್ಬರು, ಸಿಂಕಿನ ಕೆಳಗೆ ಕಂಡ ಕಂದು ಕೋಶಗಳ (ಹುಳು ನೊಣವಾಗುವ ಮೊದಲು ಅಡಗುವ ಗೂಡುಗಳ) ಫೋಟೋ ತೋರಿಸಿ, ‘ಹುಳು ಕೋಶ ಕಟ್ಟಲು ಐದು ದಿನ ಬೇಕು, ಆದ್ದರಿಂದ ಶನಿವಾರ ರಾತ್ರಿಯೇ ಸತ್ತಿದ್ದಾರೆ, ಭಾನುವಾರದ ಫೋನ್ ಕಟ್ಟುಕಥೆ’ ಎನ್ನುತ್ತಿದ್ದಾರೆ. ಅಣ್ಣನ ಮಗನ ಬಳಿ ಮನೆಯ ಇನ್ನೊಂದು ಬೀಗದ ಕೈ ಮತ್ತು ಮಾವನ ಬ್ಯಾಂಕ್ ಕಾರ್ಡ್ ಇದ್ದದ್ದರಿಂದ ಮಾತು ಎಲ್ಲೆಲ್ಲಿಗೋ ಹೋಗಿದೆ. ಫ್ಲ್ಯಾಟಿಗೆ ಇನ್ನೂ ಬೀಗ ಬಿದ್ದೇ ಇದೆ. ಹುಳು ನೋಡಿ ಸತ್ತ ದಿನ ಹೇಳಬಹುದೇ? ಮಂಗಳವಾರ ರಾತ್ರಿ ಎಂಟಕ್ಕೆ ನಾನು ಫೋನ್ ಮಾಡಿದ್ದೆ, ಎತ್ತಲಿಲ್ಲ; ಮಲಗಿರಬೇಕೆಂದು ಸುಮ್ಮನಾದೆ. ಆಗ ಅವರು ಬದುಕಿದ್ದರೇ? ಶ್ರಾದ್ಧವನ್ನು ಯಾವ ತಿಥಿಗೆ ಮಾಡಬೇಕು?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ, ನಿದ್ದೆ ಕೆಡಿಸಿರುವುದು ನಡುವಿನದು ಎಂದು ಊಹಿಸುತ್ತೇನೆ. ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಮಂಗಳವಾರ ರಾತ್ರಿ ನೀವು ಫೋನ್ ಮಾಡಿದಾಗ ನಿಮ್ಮ ಮಾವ ಬದುಕಿದ್ದ ಸಾಧ್ಯತೆ ತೀರ ಕಡಿಮೆ. ಶನಿವಾರವೇ ಹೋದರು ಎಂಬ ವಾದವೂ ಆ ಫೋಟೋದ ಬಲದಿಂದ ನಿಲ್ಲುವುದಿಲ್ಲ. ಏಕೆ ಎನ್ನುವುದನ್ನು ವಿವರಿಸುತ್ತೇನೆ; ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದನ್ನೂ ಮುಚ್ಚಿಡುವುದಿಲ್ಲ. ನಾನು ಪುಣೆಯಲ್ಲಿ ವಿಧಿವಿಜ್ಞಾನ ವೈದ್ಯಶಾಸ್ತ್ರ ಕಲಿಸುವವನು. ಶವಾಗಾರದಲ್ಲಿ ಹುಳುಗಳನ್ನು ನೀರು ಬಿಟ್ಟು ತೊಳೆದುಬಿಡುವುದೇ ರೂಢಿ. ಅವನ್ನು ಎತ್ತಿಡಬೇಕು ಎಂದು ಹಟ ಹಿಡಿಯುವವರ ಗುಂಪಿಗೆ ಸೇರಿದವನು.

ಒಂದು ಹಳೆಯ ನಂಬಿಕೆಯನ್ನು ಮೊದಲು ಪಕ್ಕಕ್ಕಿಡೋಣ. ಹುಳು ದೇಹದಿಂದ ತಾನಾಗಿ ಹುಟ್ಟುವುದಿಲ್ಲ. 1668ರಲ್ಲಿಯೇ ಇಟಲಿಯ ಫ್ರಾನ್ಸೆಸ್ಕೊ ರೆಡಿ ಮಾಂಸವನ್ನು ಜಾಡಿಗಳಲ್ಲಿಟ್ಟು, ಕೆಲವಕ್ಕೆ ಬಟ್ಟೆ ಕಟ್ಟಿ, ಕೆಲವನ್ನು ತೆರೆದಿಟ್ಟು ಇದನ್ನು ತೋರಿಸಿದ. ನೊಣ ಕೂತ ಮಾಂಸದಲ್ಲಷ್ಟೇ ಹುಳು ಬಂತು. ಇಷ್ಟು ಹಳೆಯ ಸಂಗತಿಯನ್ನು ಈಗ ಏಕೆ ಎತ್ತುತ್ತಿದ್ದೇನೆಂದರೆ, ಇಂತಹ ಸಾವಿನ ಮನೆಯಲ್ಲಿ ‘ಅಯ್ಯೋ, ಹುಳ ಬಿದ್ದು ಸತ್ತರು, ಯಾವ ಕರ್ಮವೋ’ ಎಂಬ ಮಾತು ಬಂದೇ ಬರುತ್ತದೆ. ನಿಮ್ಮ ಕಿವಿಗೂ ಬಿದ್ದಿರಬಹುದು. ಯಾರೇ ಸತ್ತರೂ, ಎಷ್ಟೇ ಶುಚಿಯಾದ ಮನೆಯಾದರೂ, ಒಂದು ಕಿಟಕಿ ತೆರೆದಿದ್ದರೆ ನೊಣ ಬರುತ್ತದೆ. ಮೀನು ಮಾರುಕಟ್ಟೆಯಲ್ಲಿ ನೀವು ನೋಡಿರುವ, ನೀಲಿ-ಹಸಿರಾಗಿ ಹೊಳೆಯುವ, ಕೆಂಪು ಕಣ್ಣಿನ ದಪ್ಪ ನೊಣವೇ ಅದು. ಕ್ರೈಸೋಮಿಯಾ ಮೆಗಾಸೆಫಾಲಾ ಎಂದು ಅದರ ಶಾಸ್ತ್ರೀಯ ಹೆಸರು. ಒಣಮೀನಿಗೂ ಮುತ್ತುವ ಈ ನೊಣ ಮುಂಬಯಿಯಿಂದ ಗೋವಾದವರೆಗಿನ ಕರಾವಳಿಗೆ ಹೊಸದಲ್ಲ. ಹೆಣ್ಣುನೊಣ ಒಮ್ಮೆಗೆ ಇನ್ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಒದ್ದೆಯಾದ, ಮೆತ್ತಗಿನ ಜಾಗ ಹುಡುಕಿ ಇಡುತ್ತದೆ. ಮೂಗು, ಕಣ್ಣಿನ ಕೊನೆ, ತುಟಿಯ ಸಂದು ಅದಕ್ಕೆ ಸಿಕ್ಕುವ ಮೊದಲ ಸ್ಥಳಗಳು.

ಇನ್ನು ಹುಳು ದಿನ ಹೇಳುತ್ತದೆಯೇ ಎಂಬ ಪ್ರಶ್ನೆ. ಹುಳು ಹೇಳುವುದು ತನ್ನ ವಯಸ್ಸನ್ನು ಮಾತ್ರ. ಮೊಟ್ಟೆ ಬಿದ್ದಾಗಿನಿಂದ ಇಷ್ಟು ಹೊತ್ತು ಕಳೆದಿದೆ ಎಂದು ನಾವು ಲೆಕ್ಕ ಹಾಕಬಹುದು. ಆದ್ದರಿಂದ ಮನುಷ್ಯ ಸತ್ತು ಕನಿಷ್ಠ ಅಷ್ಟು ಹೊತ್ತಾಗಿದೆ ಎನ್ನಬಹುದು. ಎಷ್ಟು ಹೆಚ್ಚು ಎಂದು ಹುಳು ಹೇಳಲಾರದು. ನೊಣ ಮುಚ್ಚಿದ ಮನೆಯ ಹೊರಗೆ ಒಂದು ದಿನ ಸುತ್ತಾಡಿ ಆಮೇಲೆ ಒಳಗೆ ಬಂದಿರಬಹುದು. ಸಾವು ರಾತ್ರಿಯಾಗಿದ್ದರೆ ಬೆಳಗಾಗುವವರೆಗೆ ಮೊಟ್ಟೆ ಬೀಳದಿರುವುದೇ ಸಾಮಾನ್ಯ, ಏಕೆಂದರೆ ಈ ನೊಣಗಳು ಹಗಲಿನ ಪ್ರಾಣಿಗಳು. ಜುಲೈನ ಜಡಿಮಳೆಯಲ್ಲಿ ಅವು ಹಾರುವುದೂ ಕಡಿಮೆ. ಮೈಮೇಲೆ ಹೊದಿಕೆ ಇದ್ದರೆ ಇನ್ನಷ್ಟು ತಡ. ಟಿವಿ ಧಾರಾವಾಹಿಯ ತಜ್ಞ ಇಕ್ಕಳದಲ್ಲಿ ಒಂದು ಹುಳು ಎತ್ತಿ ‘ರಾತ್ರಿ ಹನ್ನೊಂದಕ್ಕೆ ಕೊಲೆಯಾಗಿದೆ’ ಎನ್ನುವುದು ನೋಡಲು ಚೆನ್ನ. ಕೋರ್ಟಿನಲ್ಲಿ ಹಾಗೆಂದರೆ ಎದುರು ಪಕ್ಷದ ವಕೀಲರು ಅರ್ಧ ಗಂಟೆಯಲ್ಲಿ ನಮ್ಮನ್ನು ಹಣ್ಣುಗಾಯಿ ಮಾಡುತ್ತಾರೆ.

ಹಾಗಾದರೆ ಈ ತೊಂದರೆ ಏಕೆ ತೆಗೆದುಕೊಳ್ಳಬೇಕು? ಬೇರೆ ಗುರುತುಗಳು ಬೇಗ ಅಳಿಸಿಹೋಗುವುದರಿಂದ. ಶವ ತಣ್ಣಗಾಗುವುದನ್ನು ಅಳೆದು ಹೊತ್ತು ಹೇಳುವ ವಿಧಾನ ಚಳಿದೇಶಗಳಿಗೆ ಸರಿ. ಮುಂಬಯಿಯ ಮಳೆಗಾಲದಲ್ಲಿ ಕೋಣೆಯೇ 28–30 ಡಿಗ್ರಿ ಇರುವಾಗ, ಒಂದು ದಿನ ಕಳೆದ ಮೇಲೆ ಥರ್ಮಾಮೀಟರಿಗೆ ಹೇಳಲು ಏನೂ ಉಳಿದಿರುವುದಿಲ್ಲ. ಸ್ನಾಯುಗಳ ಸೆಡೆತ ನಮ್ಮ ಸೆಕೆಯಲ್ಲಿ ಒಂದೂವರೆ ದಿನದೊಳಗೆ ಬಿಟ್ಟುಹೋಗುತ್ತದೆ. ಎರಡು ದಿನ ದಾಟಿತೆಂದರೆ ಉಳಿಯುವುದು ಕೊಳೆಯುವಿಕೆಯ ಹಂತ ಮತ್ತು ಹುಳು, ಇವೆರಡೇ. 1935ರಲ್ಲಿ ಸ್ಕಾಟ್ಲೆಂಡಿನಲ್ಲಿ ಹಳ್ಳವೊಂದರಲ್ಲಿ ಇಬ್ಬರು ಹೆಂಗಸರ ದೇಹದ ತುಂಡುಗಳು ಸಿಕ್ಕಾಗ, ಗ್ಲಾಸ್ಗೋದ ಡಾ. ಅಲೆಕ್ಸಾಂಡರ್ ಮೆರ್ನ್ಸ್ ಹುಳುಗಳ ವಯಸ್ಸನ್ನು 12ರಿಂದ 14 ದಿನ ಎಂದು ಲೆಕ್ಕ ಹಾಕಿದರು. ಡಾ. ಬಕ್ ರಕ್ಸ್ಟನ್ ಎಂಬ ವೈದ್ಯನ ಹೆಂಡತಿ ಮತ್ತು ಮನೆಗೆಲಸದವಳು ಕಾಣೆಯಾದ ದಿನಕ್ಕೆ ಅದು ತಾಳೆಯಾಯಿತು. ಈ ರಕ್ಸ್ಟನ್ ಹುಟ್ಟಿದ್ದು ಮುಂಬಯಿಯ ಪಾರ್ಸಿ ಕುಟುಂಬದಲ್ಲಿ, ವೈದ್ಯಕೀಯ ಓದಿದ್ದೂ ಅಲ್ಲಿಯೇ. ಆ ಪ್ರಕರಣದಲ್ಲಿಯೂ ಹುಳು ಒಂದೇ ಅವನನ್ನು ಗಲ್ಲಿಗೇರಿಸಲಿಲ್ಲ. ತುಂಡುಗಳನ್ನು ಸುತ್ತಿದ್ದ ಪತ್ರಿಕೆಯಿಂದ ಹಿಡಿದು ತಲೆಬುರುಡೆಯ ಫೋಟೋ ಹೊಂದಿಸಿದ್ದರವರೆಗೆ ಹತ್ತು ಸಾಕ್ಷ್ಯಗಳು ಕೂಡಿದ್ದವು.

ಈಗ ಲೆಕ್ಕಕ್ಕೆ ಬರೋಣ. ಹುಳುವಿನ ಬೆಳವಣಿಗೆ ನಡೆಯುವುದು ಗಡಿಯಾರದ ಮೇಲಲ್ಲ, ಬಿಸಿಯ ಮೇಲೆ. ಸುಮಾರು 10 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ಬಹುತೇಕ ನಿಲ್ಲುತ್ತದೆ ಎಂದು ಹಿಡಿದರೆ, ಸರಾಸರಿ 28 ಡಿಗ್ರಿಯ ದಿನ ಹುಳುವಿಗೆ 18 ಅಂಶ ಬೆಳೆಯುವ ಬಿಸಿ ಸಿಗುತ್ತದೆ. ಪುಣೆಯ ಡಿಸೆಂಬರಿನಲ್ಲಿ ದಿನದ ಸರಾಸರಿ 20ರ ಆಸುಪಾಸು. ಅಲ್ಲಿ ಸಿಗುವುದು 10 ಅಂಶ. ಅಂದರೆ ಡೊಂಬಿವಲಿಯ ಜುಲೈನಲ್ಲಿ ಮೂರು ದಿನದಲ್ಲಿ ಆಗುವ ಬೆಳವಣಿಗೆಗೆ ಪುಣೆಯ ಚಳಿಗಾಲದಲ್ಲಿ ಐದು ದಿನ ದಾಟುತ್ತದೆ. ‘ಇಂತಿಷ್ಟು ದಿನ’ ಎಂಬ ಪಠ್ಯಪುಸ್ತಕದ ಸಾಲನ್ನು ಬಾಯಿಪಾಠ ಮಾಡಿದವರು ಎಡವುವುದು ಇಲ್ಲಿಯೇ. ನಿಮ್ಮ ಪ್ರಕರಣದ ಮಟ್ಟಿಗೆ ಒಂದು ಅನುಕೂಲವಿದೆ. ಮುಂಬಯಿ ಪ್ರದೇಶದ ಜುಲೈನಲ್ಲಿ ಹಗಲು 30, ರಾತ್ರಿ 25 ಡಿಗ್ರಿ, ಅಂತರ ಸ್ವಲ್ಪವೇ. ಬಿಸಿಯ ಲೆಕ್ಕ ಹೆಚ್ಚು ತಪ್ಪುವುದಿಲ್ಲ.

ಈ ಹವೆಯಲ್ಲಿ ಮೊಟ್ಟೆ ಒಡೆಯಲು ಅರ್ಧ ದಿನದಿಂದ ಮುಕ್ಕಾಲು ದಿನ ಹಿಡಿಯುತ್ತದೆ. ಆಮೇಲೆ ಹುಳು ಎರಡು ಬಾರಿ ಪೊರೆ ಕಳಚಿ ಮೂರನೆಯ ಹಂತಕ್ಕೆ ಬರುತ್ತದೆ. ಯಾವ ಹಂತ ಎಂದು ತಿಳಿಯಲು ನಾವು ನೋಡುವುದು ಬಾಲದ ತುದಿಯನ್ನು. ತಲೆಯನ್ನು ಆಹಾರದೊಳಗೆ ಹುದುಗಿಸಿ ತಿನ್ನುವ ಈ ಪ್ರಾಣಿ ಉಸಿರಾಡುವುದು ಹಿಂಭಾಗದಿಂದ. ಸೂಕ್ಷ್ಮದರ್ಶಕದಲ್ಲಿ ಅಲ್ಲಿ ಎರಡು ಕಂದು ಬಿಲ್ಲೆಗಳು ಕಾಣುತ್ತವೆ. ಒಂದೊಂದು ಬಿಲ್ಲೆಯಲ್ಲಿ ಎರಡು ಸೀಳಿದ್ದರೆ ಎರಡನೆಯ ಹಂತ, ಮೂರಿದ್ದರೆ ಮೂರನೆಯದು. ಉದ್ದ ಒಂದನ್ನೇ ನಂಬಿ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ, ಏಕೆಂದರೆ ಜೀವಂತ ಹುಳುವನ್ನು ನೇರವಾಗಿ ಸ್ಪಿರಿಟ್ಟಿಗೆ ಹಾಕಿದರೆ ಅದು ಮುದುಡಿ ಗಿಡ್ಡವಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಕೊಂದು, ಆಮೇಲೆ ಮದ್ಯಸಾರದಲ್ಲಿಡಬೇಕು. ಇನ್ನರ್ಧವನ್ನು ಜೀವಂತವಾಗಿಟ್ಟು, ಪಿತ್ತಜನಕಾಂಗದ ತುಂಡು ಹಾಕಿ ಸಾಕಿ, ಯಾವ ನೊಣವಾಗಿ ಹೊರಬರುತ್ತದೆ ಎಂದು ನೋಡಬೇಕು. ಇಷ್ಟೆಲ್ಲ ಸಾಮಾನ್ಯ ಅಕಸ್ಮಾತ್ ಸಾವಿನ ಪ್ರಕರಣದಲ್ಲಿ ನಡೆಯುವುದು ಅಪರೂಪ. ನಿಮ್ಮ ವರದಿಯಲ್ಲಿ ಉದ್ದ ಬರೆದಿದ್ದಾರೆ, ಹುಳು ಎಲ್ಲೆಲ್ಲಿತ್ತು ಎಂದೂ ಬರೆದಿದ್ದಾರೆ. ‘ಹುಳುಗಳಿವೆ’ ಎಂಬ ಒಂದೇ ಮಾತಿನಲ್ಲಿ ಮುಗಿಸುವ ವರದಿಗಳೇ ಹೆಚ್ಚಾಗಿರುವಾಗ, ಈ ವೈದ್ಯರು ಕಣ್ಣು ಬಿಟ್ಟು ನೋಡಿದ್ದಾರೆ ಎನ್ನಬೇಕು.

1 ಸೆಂ.ಮೀ. ಉದ್ದದ ಹುಳು, ಅದು ಕ್ರೈಸೋಮಿಯಾ ಆಗಿದ್ದರೆ, ಈ ಬಿಸಿಯಲ್ಲಿ ಮೊಟ್ಟೆ ಬಿದ್ದು ಎರಡು, ಎರಡೂವರೆ ದಿನವಾಗಿದೆ ಎಂದರ್ಥ. ಶವವನ್ನು ಗುರುವಾರ ರಾತ್ರಿ ಶೀತಲ ಪೆಟ್ಟಿಗೆಗೆ ಹಾಕಿದ ಮೇಲೆ ಬೆಳವಣಿಗೆ ಬಹುಮಟ್ಟಿಗೆ ನಿಂತಿರುತ್ತದೆ, ಆದ್ದರಿಂದ ಎಣಿಕೆ ಶುಕ್ರವಾರದಿಂದಲ್ಲ, ಗುರುವಾರ ರಾತ್ರಿಯಿಂದ ಹಿಂದಕ್ಕೆ. ಮಂಗಳವಾರದ ಹಗಲಿಗೆ ಬಂದು ಮುಟ್ಟುತ್ತೇವೆ. ಮೊಟ್ಟೆ ಬಿದ್ದದ್ದು ಕತ್ತಲಾಗುವ ಮೊದಲು. ನೊಣ ಅರ್ಧ ತೆರೆದ ಕಿಟಕಿಯಿಂದ ದಾರಿ ಹುಡುಕಿ ಬರಲು ತೆಗೆದುಕೊಂಡ ಹೊತ್ತು ಅದಕ್ಕೂ ಹಿಂದಿನದು. ಊದಿಕೊಂಡ ದೇಹ, ಸುಲಿದ ಚರ್ಮ ಇವನ್ನೂ ಸೇರಿಸಿಕೊಂಡರೆ ತಕ್ಕಡಿ ಸೋಮವಾರದ ಕಡೆಗೆ ವಾಲುತ್ತದೆ. ಮಂಗಳವಾರದ ಪತ್ರಿಕೆ ಬಾಗಿಲಲ್ಲೇ ಉಳಿದಿದೆ, ಸೋಮವಾರದ್ದು ಒಳಗೆ ಬಂದಿದೆ. ಹುಳುವಿಗೆ ಪತ್ರಿಕೆ ಓದಲು ಬರುವುದಿಲ್ಲ. ಆದರೂ ಇಬ್ಬರೂ ಹೇಳುತ್ತಿರುವುದು ಒಂದನ್ನೇ. ವೈದ್ಯರ ‘3ರಿಂದ 5 ದಿನ’ವನ್ನು ಶುಕ್ರವಾರ ಮಧ್ಯಾಹ್ನದಿಂದ ಎಣಿಸಿದರೆ ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಮಧ್ಯಾಹ್ನದವರೆಗಿನ ಅವಧಿ ಸಿಗುತ್ತದೆ. ನಿಮ್ಮ ಬಂಧುಗಳು ಶವ ಸಿಕ್ಕ ಗುರುವಾರದಿಂದ ಎಣಿಸಿರಬೇಕು ಎಂದು ನನ್ನ ಅನುಮಾನ. ಹಲವರು ಹಾಗೆಯೇ ಮಾಡುತ್ತಾರೆ.

ಸಡಿಲ ಎಲ್ಲಿದೆ ಎಂದೂ ಹೇಳಬೇಕು. ಮಾಂಸನೊಣ ಎಂಬ ಇನ್ನೊಂದು ಬಗೆಯಿದೆ. ಬೂದು ಮೈ, ಬೆನ್ನಿನ ಮೇಲೆ ಮೂರು ಕಪ್ಪು ಪಟ್ಟೆ. ಅದು ಮೊಟ್ಟೆಯಿಡದೆ ನೇರವಾಗಿ ಜೀವಂತ ಮರಿಹುಳುಗಳನ್ನೇ ಹಾಕುತ್ತದೆ. ನಿಮ್ಮ ಮಾವನ ಮುಖದ ಮೇಲಿದ್ದವು ಅದರ ಹುಳುಗಳಾಗಿದ್ದರೆ ನನ್ನ ಲೆಕ್ಕ ಮುಕ್ಕಾಲು ದಿನ, ಒಂದು ದಿನ ಈಚೆಗೆ, ಬುಧವಾರದ ಬೆಳಗಿನವರೆಗೂ ಜಾರಬಹುದು. ಜಾತಿ ಗುರುತಿಸದ ಹುಳುವಿನಿಂದ ಇದಕ್ಕಿಂತ ಹೆಚ್ಚು ಖಚಿತವಾಗಿ ಹೇಳುವವರನ್ನು ನಂಬಬೇಡಿ. ಅಂತಹ ಸಂದರ್ಭದಲ್ಲಿ ಹುಳುವನ್ನು ಬಿಟ್ಟು ದೇಹದ ಸ್ಥಿತಿ ಮತ್ತು ಪತ್ರಿಕೆಯ ಮೇಲೆಯೇ ನಿಲ್ಲಬೇಕಾಗುತ್ತದೆ, ಅವೆರಡೂ ಮಂಗಳವಾರ ರಾತ್ರಿಯನ್ನು ಒಪ್ಪುವುದಿಲ್ಲ. ಪತ್ರಿಕೆ ಎತ್ತಲಿಲ್ಲ ಎಂದಮಾತ್ರಕ್ಕೆ ಸತ್ತಿದ್ದರು ಎನ್ನಲಾಗದು, ಬಿದ್ದು ಎಚ್ಚರತಪ್ಪಿ ಮಲಗಿದ್ದಿರಬಹುದಲ್ಲ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಗುರುವಾರ ಸಂಜೆ ನೆರೆಯವರು ಕಂಡ ಮಟ್ಟದ ಕೊಳೆಯುವಿಕೆಗೆ ನಮ್ಮ ಮಳೆಗಾಲದಲ್ಲೂ ಸಾಮಾನ್ಯವಾಗಿ ಎರಡು ದಿನಕ್ಕಿಂತ ಹೆಚ್ಚೇ ಬೇಕು. ಇದರ ಆಧಾರದ ಮೇಲೆಯೇ ನಾನು ಮೊದಲಿಗೆ ‘ತೀರ ಕಡಿಮೆ’ ಎಂದದ್ದು. ಫೋನ್ ಎತ್ತಲಿಲ್ಲವೆಂದು ಠಾಣೆಯಿಂದ ಆಗಲೇ ಹೊರಟಿದ್ದರೂ, ನೀವು ಶವವನ್ನು ಎರಡು ದಿನ ಮೊದಲು ಕಾಣುತ್ತಿದ್ದಿರಿ, ಅಷ್ಟೆ.

ಕಾಲಿನ ಹುಣ್ಣಿನ ಹುಳುಗಳನ್ನು ನಾನು ಈವರೆಗೆ ಬೇಕೆಂದೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶಜ್ಞಾನ ಕುಗ್ಗಿರುತ್ತದೆ. ಪಟ್ಟಿಯ ಅಡಿಯಲ್ಲಿ ನೊಣ ಮೊಟ್ಟೆಯಿಟ್ಟರೂ ಗೊತ್ತಾಗುವುದಿಲ್ಲ. ಬದುಕಿರುವವರ ಗಾಯದಲ್ಲಿ ಹುಳು ಆಗಿ ಹೊರರೋಗಿ ವಿಭಾಗಕ್ಕೆ ಬರುವವರು ನಮ್ಮ ಆಸ್ಪತ್ರೆಗಳಿಗೆ ಹೊಸಬರಲ್ಲ. ಜೀವಂತ ಗಾಯವನ್ನೇ ಹುಡುಕುವ ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೊಣವೂ ಈ ದೇಶದಲ್ಲಿದೆ. ಹುಣ್ಣಿನಲ್ಲಿದ್ದ ಹುಳುವನ್ನು ಎತ್ತಿ ವಯಸ್ಸು ಕಟ್ಟಿದರೆ, ಸಾವಿಗಿಂತ ಮೊದಲಿನ ದಿನವೊಂದು ಸಿಕ್ಕಿ ಊರೆಲ್ಲ ಗುಲ್ಲಾಗಬಹುದು. ಲೆಕ್ಕಕ್ಕೆ ಬರುವುದು ಮುಖದ ಹುಳು.

ಈಗ ಸಿಂಕಿನ ಕೆಳಗಿನ ಕೋಶಗಳು. ನಿಮ್ಮ ಬಂಧುಗಳು ಹೇಳಿದ ಐದು ದಿನದ ಮಾತು ಸುಳ್ಳಲ್ಲ. ಈ ಸೆಕೆಯಲ್ಲಿ ಕ್ರೈಸೋಮಿಯಾ ಹುಳು ಕೋಶ ಕಟ್ಟಲು ಹೆಚ್ಚುಕಡಿಮೆ ಅಷ್ಟೇ ಬೇಕು. ಬೆಳೆದ ಹುಳು ಶವವನ್ನು ಬಿಟ್ಟು, ಒಣಗಿದ ಕತ್ತಲೆಯ ಮೂಲೆ ಹುಡುಕಿಕೊಂಡು ಕೆಲವು ಮೀಟರ್ ಹರಿದುಹೋಗುತ್ತದೆ ಎನ್ನುವುದೂ ನಿಜ. ಅಷ್ಟರ ಮಟ್ಟಿಗೆ ಅವರು ಓದಿಕೊಂಡಿದ್ದಾರೆ. ಆದರೆ ಆ ಕೋಶಗಳು ಶವದಿಂದಲೇ ಬಂದವು ಎಂದು ಯಾರು ಹೇಳಿದರು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತಾಯಿತು ಇದು.

ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಮೇಲಿನ ಬಲಮೂಲೆಯಲ್ಲಿ, ಕೊಳವೆಯ ಪಕ್ಕ, ಕೆಲವು ಕೋಶಗಳ ತುದಿಯ ಮುಚ್ಚಳ ಹಾರಿಹೋಗಿದೆ, ಒಳಗೆ ಖಾಲಿ. ನೊಣ ಹೊರಬರುವಾಗ ಹಣೆಯ ಮೇಲೆ ಚೀಲವೊಂದನ್ನು ಉಬ್ಬಿಸಿ ಆ ಮುಚ್ಚಳವನ್ನು ತಳ್ಳಿ ತೆರೆಯುತ್ತದೆ. ಅಂದರೆ ಗುರುವಾರ ಫೋಟೋ ತೆಗೆಯುವ ಹೊತ್ತಿಗೆ ಅವುಗಳಿಂದ ನೊಣ ಹಾರಿಹೋಗಿಯೇ ಆಗಿತ್ತು. ಮೊಟ್ಟೆಯಿಂದ ನೊಣವಾಗುವವರೆಗೆ ಈ ಹವೆಯಲ್ಲಿ ಒಂಬತ್ತು, ಹತ್ತು ದಿನ ಬೇಕು. ಹತ್ತು ದಿನದ ಹಿಂದೆ ಮೊಟ್ಟೆ ಬಿದ್ದಿದ್ದರೆ ನಿಮ್ಮ ಮಾವ ಶನಿವಾರ ಸಭೆಯಲ್ಲಿ ಕುಳಿತು ಸಹಿ ಹಾಕಿದ್ದು ಹೇಗೆ? ಆದ್ದರಿಂದ ಆ ಖಾಲಿ ಕೋಶಗಳಿಗೂ ಸಾವಿಗೂ ಸಂಬಂಧವಿಲ್ಲ. ಅವುಗಳ ಪಕ್ಕದಲ್ಲಿ ಬಿದ್ದಿರುವ ಮುಚ್ಚಿದ ಕೋಶಗಳು ಮಾತ್ರ ಶವದ್ದು ಎನ್ನಲು ಯಾವ ಆಧಾರವೂ ಇಲ್ಲ. ಸಿಂಕಿನ ಕೆಳಗೆ ಹಸಿಕಸದ ಡಬ್ಬಿ ಇತ್ತೇ ಎಂದು ಕೆಲಸದವರನ್ನು ಕೇಳಿ. ಕಾಲುಹುಣ್ಣಿನವರು ದಿನವೂ ಮಹಡಿ ಇಳಿದು ಕಸ ಹಾಕಿ ಬರುತ್ತಿರಲಿಲ್ಲವೆಂದರೆ ನನಗೆ ಆಶ್ಚರ್ಯವಿಲ್ಲ. ಮುಂಬಯಿಯ ಅಡುಗೆಮನೆಗಳಲ್ಲಿ ಮನೆನೊಣ, ಅದಕ್ಕಿಂತ ಸಣ್ಣದಾದ, ಗೋಡೆಯ ಮೇಲೆ ತಡೆತಡೆದು ಓಡುವ ಗೂನುಬೆನ್ನಿನ ನೊಣ, ಇವೆಲ್ಲ ಮಳೆಗಾಲದಲ್ಲಿ ಡಬ್ಬಿಯ ತಳದಲ್ಲಿಯೇ ಸಂಸಾರ ಹೂಡುತ್ತವೆ.

ಇನ್ನೊಂದು ಮಾತು. ಮಾವ ಶನಿವಾರ ರಾತ್ರಿ ತೀರಿಕೊಂಡು ಭಾನುವಾರ ಬೆಳಿಗ್ಗೆಯೇ ಮೊಟ್ಟೆ ಬಿದ್ದಿದ್ದರೆ, ಗುರುವಾರ ರಾತ್ರಿಗೆ ಮುಖದ ಮೇಲೆ ಒಂದೂವರೆ ಸೆಂ.ಮೀ. ಮೀರಿದ, ತಿಂದು ಮುಗಿಸಿ ಹೊರಡಲು ಸಿದ್ಧವಾದ ಹುಳುಗಳಿರಬೇಕಾಗಿತ್ತು. ಅಂತಹವುಗಳ ರಾಶಿ ಬೇರೆಯೇ ಇರುತ್ತದೆ. ಸುತ್ತಲಿನ ಹವೆಗಿಂತ ಹತ್ತು ಡಿಗ್ರಿಗೂ ಮೇಲೆ ಬಿಸಿಯೇರಿ, ಕೈಗವಸು ಹಾಕಿದ ಬೆರಳಿಗೂ ಬೆಚ್ಚಗೆ ತಟ್ಟುತ್ತದೆ. ವರದಿ ‘1 ಸೆಂ.ಮೀ. ವರೆಗಿನ’ ಎನ್ನುತ್ತದೆ. ಶನಿವಾರವನ್ನು ಇದರಿಂದಲೇ ಸಂಪೂರ್ಣ ತಳ್ಳಿಹಾಕಲು ನಾನು ಸಿದ್ಧನಿಲ್ಲ, ಏಕೆಂದರೆ ನೊಣ ತಡವಾಗಿಯೂ ಬಂದಿರಬಹುದು. ಶನಿವಾರವನ್ನು ಅಸಂಭವ ಮಾಡುವುದು ಒಳಗಿದ್ದ ಸೋಮವಾರದ ಪತ್ರಿಕೆ ಮತ್ತು ಫೋನ್ ಕರೆ. ಆದರೆ ಶನಿವಾರವೇ ಎಂದು ಸಾಧಿಸಲು ಹುಳುವನ್ನು ಕರೆತಂದವರಿಗೆ ಹುಳುವಿನಿಂದ ಏನೂ ಸಹಾಯವಿಲ್ಲ.

ಮುಂದೇನು ಮಾಡಬಹುದು? ಏನೂ ಮಾಡದೆ ವರದಿಯನ್ನು ಒಪ್ಪಿ ಮುಗಿಸುವುದು ಒಂದು ದಾರಿ. ವಿಷದ ಸುಳಿವಿಲ್ಲದೆ, ಗಾಯದ ಗುರುತಿಲ್ಲದೆ, ಹಣ ಹೋಗದೆ ಇದ್ದರೆ ನಾನು ಇದನ್ನೇ ಹೇಳುತ್ತಿದ್ದೆ. ಒಳಾಂಗಗಳನ್ನು ರಾಸಾಯನಿಕ ಪರೀಕ್ಷೆಗೆ ಕಳಿಸಿದ್ದಾರೆಯೇ, ಅದರ ಫಲಿತಾಂಶ ಬಂದಿದೆಯೇ ಎಂದು ಮಾತ್ರ ವಿಚಾರಿಸಿ. ಕಲೀನಾದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದ ಮಾದರಿಗಳಿಗೆ ಸಮಯ ಹಿಡಿಯುತ್ತದೆ. ಮೈಮೇಲೆ ಸಣ್ಣ ಕಂದು ಗೀರುಗಳಿದ್ದವು, ಎಳೆದಾಟ ನಡೆದಿರಬೇಕು ಎಂದು ಯಾರಾದರೂ ಹೇಳಿದರೆ, ಶವಪರೀಕ್ಷೆ ಮಾಡಿದ ವೈದ್ಯರನ್ನೇ ಕೇಳಿ. ಸತ್ತ ಮೇಲೆ ಇರುವೆ, ಜಿರಳೆಗಳು ಕಚ್ಚಿದ ಗುರುತು ತರಚುಗಾಯದಂತೆ ಕಂಡು ಎಷ್ಟೋ ಮನೆಗಳಲ್ಲಿ ಜಗಳ ಹಚ್ಚಿದೆ.

ಅನುಮಾನ ನಿವಾರಣೆಯಾಗಲೇಬೇಕು ಎಂದಾದರೆ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಈಗ ಇಂತಹ ವಿಚಾರಣೆ ನಡೆಯುವುದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ರ ಜಾಗದಲ್ಲಿ. ಶವಪರೀಕ್ಷೆ ಮಾಡಿದ ವೈದ್ಯರಿಗೆ ಪೊಲೀಸರು ಪ್ರಶ್ನೆ ಕಳಿಸಿ ಸ್ಪಷ್ಟನೆ ತರಿಸಬಹುದು. ಹುಳುವಿನ ಮಾದರಿ ಇಟ್ಟಿದ್ದಾರೆಯೇ, ಯಾವ ಜಾಗದ್ದು, ಹೇಗೆ ಕೆಡದಂತಿಟ್ಟರು, ಇವು ಕೇಳಬೇಕಾದ ಪ್ರಶ್ನೆಗಳು. ಇದರಲ್ಲಿ ಅಪಾಯವೂ ಇದೆ. ಪ್ರಾಮಾಣಿಕ ವೈದ್ಯರು ಎರಡನೇ ಬಾರಿ ಬರೆಯುವಾಗ ಅವಧಿಯನ್ನು ಇನ್ನಷ್ಟು ಅಗಲ ಮಾಡಬಹುದು, ನಿಮ್ಮ ಬಂಧುಗಳು ಅದನ್ನೇ ಹಿಡಿದು ‘ನೋಡಿ, ಅವರಿಗೇ ಗೊತ್ತಿಲ್ಲ’ ಎನ್ನಬಹುದು.

ಫ್ಲ್ಯಾಟಿಗೆ ಇನ್ನೂ ಬೀಗ ಬಿದ್ದೇ ಇದೆ ಎಂದಿದ್ದೀರಿ. ಒಳ್ಳೆಯದಾಯಿತು. ಖಾಲಿ ಕೋಶ ತಿಂಗಳುಗಟ್ಟಲೆ ಕೆಡುವುದಿಲ್ಲ. ಕೋಶವೆಂದರೆ ಮೂರನೆಯ ಹಂತದ ಹುಳುವಿನ ಚರ್ಮವೇ ಗಟ್ಟಿಯಾದದ್ದು, ಆದ್ದರಿಂದ ಬಾಲದ ಆ ಬಿಲ್ಲೆಗಳು ಅದರ ಮೇಲೂ ಉಳಿದಿರುತ್ತವೆ. ಸೀಳುಗಳು ನೇರವಾಗಿದ್ದರೆ ಶವಕ್ಕೆ ಬರುವ ಹೊಳೆನೊಣದ (ಮೊದಲು ಹೇಳಿದ, ನೀಲಿ-ಹಸಿರಾಗಿ ಹೊಳೆಯುವ ನೊಣದ) ಬಳಗ, ಅಂಕುಡೊಂಕಾಗಿದ್ದರೆ ಮನೆನೊಣ. ತಿಳಿದವರಿಗೆ ಹತ್ತು ನಿಮಿಷದ ಕೆಲಸ. ಫೋಟೋದಿಂದ ಇದು ಆಗುವುದಿಲ್ಲ. ಆ ಫೋಟೋದಲ್ಲಿ ಅಳತೆಗೆಂದು ಒಂದು ನಾಣ್ಯವನ್ನೂ ಇಟ್ಟಿಲ್ಲ. ಆದರೆ ನೀವಾಗಿ ಹೋಗಿ ಕೋಶ ಹೆಕ್ಕಿ ಡಬ್ಬಿಗೆ ಹಾಕಿಕೊಂಡು ಬರಬೇಡಿ, ಅಣ್ಣನ ಮಗನನ್ನೂ ಕಳಿಸಬೇಡಿ. ಯಾರು ತಂದದ್ದು, ಎಲ್ಲಿಂದ ತಂದದ್ದು ಎಂಬ ಪ್ರಶ್ನೆ ಎದ್ದೊಡನೆ ಅದರ ಬೆಲೆ ಸೊನ್ನೆ. ಪೊಲೀಸರ ಎದುರು, ಪಂಚರ ಸಮಕ್ಷಮದಲ್ಲಿ, ಪಂಚನಾಮೆ ಬರೆದು ತೆಗೆಯಲಿ. ಕೋಶಗಳು ಹೊಳೆನೊಣದ್ದೇ ಎಂದು ಬಂದರೆ ಮನೆಯಲ್ಲಿ ಗದ್ದಲ ಮತ್ತೆ ಏಳುತ್ತದೆ, ಅದಕ್ಕೂ ಸಿದ್ಧರಾಗಿರಿ. ಹೊಳೆನೊಣ ಕಸದಲ್ಲಿ, ಮೀನಿನ ತ್ಯಾಜ್ಯದಲ್ಲಿ ಬೆಳೆಯುವುದಿಲ್ಲ ಎಂದೇನೂ ಇಲ್ಲ. ಆಗಲೂ ಅದು ಶವದ್ದೇ ಎಂದಾಗುವುದಿಲ್ಲ. ದುಡ್ಡು ಕೊಟ್ಟು ಖಾಸಗಿ ತಜ್ಞರಿಂದ ‘ಇಂಥ ದಿನ ಇಷ್ಟು ಗಂಟೆಗೆ’ ಎಂಬ ಕಾಗದ ತರಿಸಿಕೊಳ್ಳುವ ದಾರಿಯನ್ನು ಮಾತ್ರ ಹಿಡಿಯಬೇಡಿ. ನ್ಯಾಯಾಲಯದಲ್ಲಿ ಅದು ನಿಲ್ಲುವುದು ಹಾಗಿರಲಿ, ಮಾವನ ಅಣ್ಣನ ಮಗನಿಗೂ ನಿಮಗೂ ನಡುವೆ ಉಳಿದಿರುವ ಮಾತುಕತೆಯೂ ಅಲ್ಲಿಗೆ ಮುಗಿಯುತ್ತದೆ.

ತಿಥಿಯ ವಿಷಯ ನನ್ನ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ನಾನು ಕೊಡಬಹುದಾದದ್ದು ಇಷ್ಟೇ: ಸೋಮವಾರ ಬೆಳಿಗ್ಗೆಯಿಂದ ಮಂಗಳವಾರ ಬೆಳಿಗ್ಗೆಯವರೆಗಿನ ಅವಧಿ ಉಳಿದೆಲ್ಲಕ್ಕಿಂತ ಹೆಚ್ಚು ಸಂಭವನೀಯ. ಇದನ್ನು ನಿಮ್ಮ ಪುರೋಹಿತರಿಗೆ ಹೇಳಿ; ತಿಥಿ ತಿಳಿಯದವರಿಗೆ ಮಹಾಲಯ ಅಮಾವಾಸ್ಯೆ ಇದ್ದೇ ಇದೆ. ಮರಣ ಪ್ರಮಾಣಪತ್ರದಲ್ಲಿ ಶವ ಸಿಕ್ಕ ಗುರುವಾರದ ದಿನಾಂಕ ಬಿದ್ದಿದ್ದರೆ ಅದರಿಂದ ಗಲಿಬಿಲಿಗೊಳ್ಳಬೇಡಿ.

ಹುಳುವಿಗಿಂತ ಚೆನ್ನಾಗಿ ಮಾತಾಡಬಲ್ಲ ವಸ್ತುಗಳು ಆ ಮನೆಯಲ್ಲಿರಬಹುದು, ಅವನ್ನು ಯಾರೂ ವಿಚಾರಿಸಿದಂತಿಲ್ಲ. ಭಾನುವಾರದ ಕರೆ ಎಷ್ಟು ನಿಮಿಷ ನಡೆಯಿತು, ಆಗ ಮಾವನ ಮೊಬೈಲ್ ಯಾವ ಟವರಿನ ಅಡಿಯಲ್ಲಿತ್ತು ಎಂಬ ದಾಖಲೆಯನ್ನು ಪೊಲೀಸರು ಕಂಪನಿಯಿಂದ ತರಿಸಬಹುದು. ಸೋಮವಾರ ಎಷ್ಟು ಮಾತ್ರೆ ಖರ್ಚಾಗಿತ್ತು ಎಂಬುದನ್ನು ಮಾತ್ರೆಗಳ ಸ್ಟ್ರಿಪ್ ಹೇಳೀತು. ಸಕ್ಕರೆ ಕಾಯಿಲೆಯವರಾದ್ದರಿಂದ ಮನೆಯಲ್ಲಿ ರಕ್ತದ ಸಕ್ಕರೆ ನೋಡುವ ಯಂತ್ರವಿದ್ದಿರಬೇಕು. ಹೆಚ್ಚಿನವು ಪ್ರತಿ ಪರೀಕ್ಷೆಯ ದಿನ ಮತ್ತು ಗಂಟೆಯನ್ನು ತಮ್ಮೊಳಗೆ ಬರೆದಿಟ್ಟುಕೊಳ್ಳುತ್ತವೆ. ಪಂಚನಾಮೆಯ ದಿನ ಅದನ್ನೂ ಪೊಲೀಸರ ಮುಂದೆಯೇ ಹುಡುಕಿಸಿ. ಅದರ ಗಡಿಯಾರ ಸರಿಯಾದ ಹೊತ್ತನ್ನೇ ತೋರಿಸುತ್ತಿದೆಯೇ ಎಂದು ಮೊದಲು ನೋಡಿಕೊಳ್ಳಲಿ, ಎಷ್ಟು ಹಿಂದೆಮುಂದೆ ಇದೆ ಎಂಬುದನ್ನೂ ಬರೆದಿಡಲಿ. ಅಲ್ಲಿಯವರೆಗೆ ಅದರ ಬ್ಯಾಟರಿ ತೆಗೆಯಲು ಯಾರಿಗೂ ಬಿಡಬೇಡಿ. ಕೆಲವು ಯಂತ್ರಗಳಲ್ಲಿ ಬ್ಯಾಟರಿ ತೆಗೆದರೆ ಗಡಿಯಾರದ ಹೊತ್ತು ಅಳಿಸಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.